ಉಪಾಧ್ಯಾಯನ ಕಡೆಯ ಸಹಿ

ಮಾಧ್ಯಮಿಕ ಶಾಲೆಯ ಕಡೆಯ ದಿನವೆಂದೊಡನೆ ಜನರ ಕಣ್ಣಿಗೆ ಕಟ್ಟುವುದು ಬೀಳ್ಕೊಡುಗೆಯ ಸಮಾರಂಭ. ಏಳನೆಯ ತರಗತಿಯ ಮಕ್ಕಳು ತಲೆಗಿಷ್ಟೆಂದು ಹಣ ಕೂಡಿಸಿ ಶಾಲೆಗೆ ಒಂದು ಗೋಡೆಯ ಗಡಿಯಾರವನ್ನೋ ಸರಸ್ವತಿಯ ಪಟವನ್ನೋ ಕಾಣಿಕೆಯಾಗಿ ತರುತ್ತಾರೆ. ಹೆಣ್ಣುಮಕ್ಕಳು ಅಕ್ಕಂದಿರ ಸೀರೆಯನ್ನುಟ್ಟು ಒಂದೇ ದಿನದಲ್ಲಿ ದೊಡ್ಡವರಾಗಿ ಬರುತ್ತಾರೆ. ಭಾಷಣಗಳಾಗುತ್ತವೆ, ಚಿತ್ರ ತೆಗೆಸುವುದಾಗುತ್ತದೆ, ಒಬ್ಬರನ್ನು ನೋಡಿ ಒಬ್ಬರು ಅಳುವುದೂ ಆಗುತ್ತದೆ. ಇದೆಲ್ಲ ಚೆಲುವೇ ಸರಿ. ಆದರೆ ಇದು ಕಡೆಯ ದಿನವಲ್ಲ, ಕಡೆಯ ದಿನಕ್ಕೆ ಮುಂಚಿತವಾಗಿ ತೊಡಿಸಿದ ಅಲಂಕಾರ. ಉಪಾಧ್ಯಾಯನ ಪಾಲಿಗೆ ನಿಜವಾದ ಕಡೆಯ ದಿನ ಬರುವುದು ಪರೀಕ್ಷೆಗಳು ಮುಗಿದು, ಏಪ್ರಿಲ್ 10ರ ಸುಮಾರಿಗೆ ಫಲಿತಾಂಶವನ್ನು ಓದಿ ಹೇಳಿದ ತರುವಾಯ, ತಂದೆಯೋ ತಾಯಿಯೋ ಬಾಗಿಲಲ್ಲಿ ನಿಂತು “ಟೀಸಿ ಕೊಡಿ ಸಾರ್” ಎಂದು ಕೇಳುವ ಹೊತ್ತಿನಲ್ಲಿ. ಆಗ ಹೂವಿಲ್ಲ, ಹಾಡಿಲ್ಲ. ಮೇಜಿನ ಮೇಲೆ ಒಂದು ಹಾಳೆ. ಅದರ ಆಚೆ ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು ನಿಂತಿರುವ ಒಂದು ಮಗು.

ಆ ಹಾಳೆಗೆ ವರ್ಗಾವಣೆ ಪತ್ರವೆಂದು ಹೆಸರು. ಅದರ ಕಲಮುಗಳನ್ನು ತುಂಬುವುದು ಗುಮಾಸ್ತೆಯ ಕೆಲಸವೆಂದು ಹೊರಗಿನವರು ಭಾವಿಸಬಹುದು. ಹಳ್ಳಿಯ ಶಾಲೆಯಲ್ಲಿ ಬೇರೆ ಗುಮಾಸ್ತೆಯಿರುವುದಿಲ್ಲ. ಪಾಠ ಹೇಳಿದವರೇ ಬರೆಯಬೇಕು. ಹೆಸರು, ತಂದೆತಾಯಿಯರ ಹೆಸರು, ಜಾತಿ, ಹುಟ್ಟಿದ ದಿನ, ತೇರ್ಗಡೆಯಾದ ತರಗತಿ ಎಂದು ಕಲಮುಗಳು ಸಾಗುತ್ತವೆ. ಹುಟ್ಟಿದ ದಿನದ ಕಲಮಿನದೇ ಒಂದು ಕಥೆ. ಮಗುವನ್ನು ಕೈಹಿಡಿದು ತಂದ ತಂದೆ “ದೊಡ್ಡ ಮಳೆಯಾಯಿತಲ್ಲ, ಆ ವರ್ಷದ ಸುಗ್ಗಿ” ಎಂದಷ್ಟೇ ಹೇಳಬಲ್ಲವನಾಗಿದ್ದ ಕಾಲದಲ್ಲಿ ಮೇಷ್ಟರು ಮಗುವಿನ ಎತ್ತರವನ್ನು ನೋಡಿ ಜೂನ್ ತಿಂಗಳಿನ ಯಾವುದೋ ಒಂದು ತಾರೀಖನ್ನು ಬರೆದುಕೊಳ್ಳುತ್ತಿದ್ದರು. ಆ ಊಹೆಯ ತಾರೀಖಿನಂತೆಯೇ ಅವನು ಮುಂದೆ ಉದ್ಯೋಗಕ್ಕೆ ಸೇರಿದ, ನಿವೃತ್ತನಾದ, ವಿಶ್ರಾಂತಿವೇತನ ಪಡೆದ. ಮನುಷ್ಯನೊಬ್ಬನ ಹುಟ್ಟನ್ನೇ ಉಪಾಧ್ಯಾಯನ ಲೇಖನಿ ನಿಶ್ಚಯಿಸಿದುದುಂಟು. ಆ ಲೇಖನಿಗೆ ಅದರ ಅರಿವು ಇದ್ದಿತೋ ಇಲ್ಲವೋ.

ಆದರೆ ಇಲ್ಲಿ ವಿಚಾರಮಾಡಬೇಕಾಗಿರುವುದು ಅದರ ಕೆಳಗಿನ ಎರಡು ಕಲಮುಗಳನ್ನು. ಒಂದು, “ಶಾಲೆ ಬಿಡಲು ಕಾರಣ”, ಇನ್ನೊಂದು, “ನಡತೆ”. ಮೊದಲನೆಯದರಲ್ಲಿ “ಹೆಚ್ಚಿನ ವಿದ್ಯಾಭ್ಯಾಸಕ್ಕಾಗಿ” ಎಂದೂ ಎರಡನೆಯದರಲ್ಲಿ “ತೃಪ್ತಿಕರ” ಎಂದೂ ಬರೆಯುವುದು ರೂಢಿ. ಎಲ್ಲ ಮಕ್ಕಳಿಗೂ ಅದೇ ಎರಡು ಮಾತು. ಹೀಗೆ ಒಂದೇ ಮಾತನ್ನು ಎಲ್ಲರ ಹೆಸರಿನ ಮುಂದೆಯೂ ಬರೆದು ಸಹಿ ಮಾಡುವ ಉಪಾಧ್ಯಾಯನು ಸತ್ಯವನ್ನು ಬರೆಯುತ್ತಿದ್ದಾನೆಯೆ? ಬರೆದು ಸಹಿ ಮಾಡಿದ ಮೇಲೆ ಆ ಮಗುವಿಗೂ ಅವನಿಗೂ ಏನಾದರೂ ಉಳಿಯುತ್ತದೆಯೆ? (ಉಪಾಧ್ಯಾಯನೆಂದಲ್ಲೆಲ್ಲ ಉಪಾಧ್ಯಾಯಿನಿಯನ್ನೂ ಸೇರಿಸಿಕೊಳ್ಳಬೇಕು. ಈ ಲೇಖನಿಯನ್ನು ಹಿಡಿದ ಕೈಗಳಲ್ಲಿ ಬಳೆ ತೊಟ್ಟವು ಈಗ ಬಹಳ.)

ಮೊದಲನೆಯ ಕಲಮಿನ ವಿಷಯ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ಊರುಗಳ ಸೀಮೆ 2007ರಲ್ಲಿ ರಾಮನಗರ ಜಿಲ್ಲೆಯೆಂದು ಒಂದಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರು ಬದಲಿಸಿಕೊಂಡಿತು. ಹೆಸರು ಏನಾದರೂ ಆಗಲಿ, ಇಲ್ಲಿಯ ಹಳ್ಳಿಗಳ ಮಕ್ಕಳಿಗೆ ಏಳನೆಯ ತರಗತಿಯ ತುದಿ ಎಂಬುದು ಒಂದು ದಾಟು. ಅಲ್ಲಿಯವರೆಗೆ ಶಾಲೆ ಊರೊಳಗೆ, ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಇರುತ್ತದೆ. ಎಂಟನೆಯ ತರಗತಿಯೆಂದರೆ ಬಹುಮಂದಿಗೆ ಹೈಸ್ಕೂಲು. ಹೈಸ್ಕೂಲೆಂದರೆ ಕೋಡಿಹಳ್ಳಿಗೋ ಸಾತನೂರಿಗೋ ಕುದೂರಿಗೋ ನಡಿಗೆ, ಇಲ್ಲವೆ ಬಸ್ಸು. ಕನಕಪುರದ ತೆಂಕಣ ಅಂಚಿನ ಕಾಡುಹಳ್ಳಿಗಳಲ್ಲಿ ಆ ನಡಿಗೆಯ ದಾರಿಯಲ್ಲಿ ಆನೆಯ ಭಯವೂ ಸೇರುತ್ತದೆ. ಸರಕಾರ ಈ ದಾಟನ್ನು ಅರಿಯದೆ ಇಲ್ಲ. 2006–07ರಿಂದ ಹಲವು ವರ್ಷಗಳ ಕಾಲ ಎಂಟನೆಯ ತರಗತಿಗೆ ಸೇರಿದ ಮಕ್ಕಳಿಗೆ ಸೈಕಲ್ಲುಗಳನ್ನು ಹಂಚಿದ್ದು ಇದೇ ಕಾರಣಕ್ಕೆ. 2023ರ ಜೂನ್‌ನಿಂದ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾದುದರಿಂದಲೂ ಕೆಲವು ತಂದೆಗಳ ಬಾಯಲ್ಲಿದ್ದ ಒಂದು ನೆವ ಕಡಿಮೆಯಾಗಿದೆ. ಕಾಯಿದೆಯ ಬೇಲಿಯೂ ಇದೆ. 2009ರ ಶಿಕ್ಷಣದ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕು ವರ್ಷದವರಿಗೆ ಶಾಲೆಯನ್ನು ಹಕ್ಕಾಗಿ ಮಾಡಿತು. ಹದಿನಾಲ್ಕರೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದು 2016ರ ತಿದ್ದುಪಡಿ ವಿಧಿಸಿತು. ಆದರೆ ಶಾಲೆಯ ಹೊತ್ತು ಕಳೆದ ಮೇಲೆ ಮನೆಯ ಕಸುಬಿನಲ್ಲಿ ನೆರವಾಗಬಹುದೆಂದು ಅದೇ ತಿದ್ದುಪಡಿ ಒಂದು ಕಿಂಡಿಯನ್ನೂ ಬಿಟ್ಟಿತು. ಹಿಪ್ಪುನೇರಳೆ ಬೆಳೆದು ಹುಳು ಸಾಕುವ ಮನೆಯಲ್ಲಿ ಮನೆಗೆಲಸ ಯಾವುದು, ಕಸುಬು ಯಾವುದು? ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಬೇಕು. ಅದು ಶಾಲೆಯ ಗಂಟೆಯನ್ನು ಕೇಳುವುದಿಲ್ಲ.

ನೂಲು ಬಿಚ್ಚುವ ಮನೆಗಳ ಹಳೆಯ ನೆನಪೂ ಇಲ್ಲಿ ಪೂರ್ತಿ ಅಳಿದಿಲ್ಲ. ಕುದಿಯುವ ನೀರಿನಲ್ಲಿ ಗೂಡನ್ನು ಬೇಯಿಸಿ, ಬೆರಳಿನಿಂದ ಎಳೆಯ ತುದಿಯನ್ನು ಹುಡುಕಿ ಹಿಡಿಯುವ ಕೆಲಸಕ್ಕೆ ಸಣ್ಣ ಕೈಗಳೇ ಲೇಸೆಂದು ಒಂದು ಕಾಲದಲ್ಲಿ ಜನ ನಂಬಿದ್ದರು. ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕೆ ಸಿಕ್ಕಿದ್ದ ಮಕ್ಕಳನ್ನು ಕುರಿತು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಪ್ರಕಟಿಸಿದ ವರದಿಯಲ್ಲಿ ಕರ್ನಾಟಕದ ಸಂಗತಿಯೂ ಸೇರಿತ್ತು. ಅನಂತರ ಸ್ಥಿತಿ ಬಹಳ ಸುಧಾರಿಸಿದೆಯೆಂಬುದು ನಿಜ. ಆದರೂ ಏಪ್ರಿಲ್ ತಿಂಗಳಿನಲ್ಲಿ “ಹೆಚ್ಚಿನ ವಿದ್ಯಾಭ್ಯಾಸಕ್ಕಾಗಿ” ಎಂದು ಬರೆಯುವಾಗ ಉಪಾಧ್ಯಾಯನ ಕೈ ಕೆಲವು ಹೆಸರುಗಳ ಮುಂದೆ ಒಂದು ಕ್ಷಣ ತಡೆಯುತ್ತದೆ. ಈ ಹುಡುಗಿಯ ತಾಯಿ ಕಾಯಿಲೆಯವಳು, ಮನೆಯಲ್ಲಿ ಇನ್ನೆರಡು ಸಣ್ಣ ಕೂಸುಗಳು. ಈ ಹುಡುಗನ ಅಣ್ಣ ಬಿಡದಿಯ ಕಡೆ ಗುತ್ತಿಗೆಯ ಕೆಲಸಕ್ಕೆ ಹೋಗುತ್ತಾನೆ, ಇವನ ಕಣ್ಣೂ ಅಲ್ಲಿಯೇ. ಗೊತ್ತಿದ್ದೂ ಅದೇ ಮಾತನ್ನು ಬರೆಯುವುದು ಸುಳ್ಳಲ್ಲವೆ?

ಸುಳ್ಳಲ್ಲವೆನ್ನುವುದಕ್ಕೆ ಒಂದು ಸಮಾಧಾನವುಂಟು. ಆ ಮಾತು ನಡೆದುದರ ವರದಿಯಲ್ಲ, ನಡೆಯಬೇಕಾದುದರ ಹೇಳಿಕೆ. ಮದುವೆಯ ದಿನ ಹಿರಿಯರು ಹರಸುವ ಮಾತನ್ನು ಯಾರೂ ಸಾಕ್ಷ್ಯವೆಂದು ಪರೀಕ್ಷಿಸುವುದಿಲ್ಲ. ಇದು ಸರಿಯೇ. ಆದರೆ ಹರಕೆಯಾಗಿದ್ದ ಪಕ್ಷದಲ್ಲಿ ಹರಸಿದವನಿಗೆ ಒಂದು ಭಾರವೂ ಉಂಟಲ್ಲವೆ? ಮೈಸೂರು ಸಂಸ್ಥಾನದ ಕಾಲದಲ್ಲಿ ಮಾಧ್ಯಮಿಕ ಶಾಲೆಯ ತುದಿಯಲ್ಲಿ ಲೋಯರ್ ಸೆಕೆಂಡರಿ ಎಂಬ ಪರೀಕ್ಷೆಯಿತ್ತು. ಅದನ್ನು ದಾಟಿದವನು ಊರಿನಲ್ಲಿ ಓದಿದವನೆನಿಸಿಕೊಳ್ಳುತ್ತಿದ್ದ; ಬರವಣಿಗೆಯ ಯಾವುದಾದರೊಂದು ಸಣ್ಣ ಕೆಲಸ ಅವನಿಗೆ ದೊರೆಯುತ್ತಿತ್ತು. ಅಲ್ಲಿಗೆ ನಿಲ್ಲುವುದು ಆಗ ಸೋಲಾಗಿರಲಿಲ್ಲ, ಮೇಷ್ಟರ ಹರಕೆ ಅಲ್ಲಿಗೇ ಫಲಿಸಿದಂತಾಗುತ್ತಿತ್ತು. ಇಂದು ಏಳನೆಯ ತರಗತಿಗೆ ನಿಂತವನಿಗೆ ಆ ಮರ್ಯಾದೆಯಿಲ್ಲ. ಮಾಧ್ಯಮಿಕ ಶಾಲೆಯು ತಾನೇ ಒಂದು ಗುರಿಯಾಗಿದ್ದುದು ಹೋಗಿ ಬರಿಯ ಹೊಸಲಾಗಿದೆ. ಹೊಸಲಿನ ಮೇಲೆ ಕುಳಿತುಕೊಳ್ಳಬಾರದೆಂಬ ಮಾತು ಮನೆಗೆ ಮಾತ್ರ ಅನ್ವಯಿಸುವುದಲ್ಲ.

ಈ ಸೀಮೆಯ ಬೇರೆ ಕಸುಬಿನವರೊಡನೆ ಉಪಾಧ್ಯಾಯನನ್ನು ಹೋಲಿಸಿ ನೋಡಿದರೆ ಅವನ ಕಷ್ಟ ಇನ್ನಷ್ಟು ಸ್ಪಷ್ಟವಾಗುತ್ತದೆ. ರೇಷ್ಮೆಯ ಬೆಳೆಗಾರ ನಾಲ್ಕು ವಾರಗಳಷ್ಟು ಕಾಲ ನಿದ್ದೆಗೆಟ್ಟು, ಹುಳುವನ್ನು ನಾಲ್ಕು ಜ್ವರ ದಾಟಿಸಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡನ್ನು ಬಿಡಿಸಿ ರಾಮನಗರದ ಮಾರುಕಟ್ಟೆಗೆ ತರುತ್ತಾನೆ. ಏಷ್ಯದಲ್ಲಿಯೇ ದೊಡ್ಡದೆಂದು ಹೆಸರಾದ ಆ ಗೂಡಿನ ಮಾರುಕಟ್ಟೆಯಲ್ಲಿ ಹರಾಜಾಗುತ್ತದೆ. ತನ್ನ ದುಡಿಮೆಯ ಬೆಲೆ ಏನೆಂಬುದು ಅಂದೇ ಅವನಿಗೆ ತಿಳಿಯುತ್ತದೆ. ಬೆಲೆ ಬಿದ್ದರೆ ದುಃಖಿಸುತ್ತಾನೆ, ಆದರೆ ತಿಳಿದು ದುಃಖಿಸುತ್ತಾನೆ. ಚನ್ನಪಟ್ಟಣದ ಬೊಂಬೆಯ ಕುಶಲಿ ಹಾಲೆಮರದ ತುಂಡನ್ನು ಚರಕಿಗೆ ಕೊಟ್ಟು, ಅರಗಿನ ಬಣ್ಣವನ್ನು ಒತ್ತಿ, ಕಡೆಯಲ್ಲಿ ಗರಿಯಿಂದ ತಿಕ್ಕಿ ಹೊಳಪು ಕೊಟ್ಟಾಗ ಕೆಲಸ ಮುಗಿಯಿತೆಂಬುದನ್ನು ಅವನ ಬೆರಳೇ ಹೇಳುತ್ತದೆ. ಉಪಾಧ್ಯಾಯನಿಗೆ ಈ ಎರಡು ಭಾಗ್ಯವೂ ಇಲ್ಲ. ಅವನು ಕೈಯಿಂದ ಬಿಟ್ಟುಕೊಡುವ ದಿನ ಮಗು ಇನ್ನೂ ಹಸಿ. ಬೆಲೆ ಗೊತ್ತಾಗುವ ಹೊತ್ತಿಗೆ ಅವನು ಬೇರೆ ಊರಿಗೆ ವರ್ಗವಾಗಿರುತ್ತಾನೆ. ಹಾಗಿರಲಾಗಿ, ಆದಷ್ಟನ್ನು ಮಾಡಿ ಫಲವನ್ನು ಬಿಡುವುದೇ ವಿವೇಕವೆಂದು ಹೇಳುವವರುಂಟು. ಫಲದ ಆಸೆಯನ್ನು ಬಿಡುವುದು ದೊಡ್ಡ ಮಾತು. ಆದರೆ ಆಸೆಯನ್ನು ಬಿಡುವುದು ಬೇರೆ, ವಿಚಾರಿಸುವುದನ್ನೇ ಬಿಡುವುದು ಬೇರೆ. ಎರಡನೆಯದನ್ನು ಮೊದಲನೆಯದರ ಹೆಸರಿನಿಂದ ಕರೆದುಕೊಳ್ಳುವುದು ಸೋಮಾರಿತನಕ್ಕೆ ಬಹಳ ಅನುಕೂಲವಾದ ವೇದಾಂತ.

ಇನ್ನು ನಡತೆಯ ಕಲಮು. ಇಲ್ಲಿ “ತೃಪ್ತಿಕರ” ಎಂದು ಬರೆಯುವುದು ಅಸತ್ಯವಾದರೂ ಆಗಲಿ, ಕ್ಷಮ್ಯ. ಹದಿಮೂರು ವರ್ಷದ ಮಗುವಿನ ನಡತೆಗೆ ಮುದ್ರೆಯೊತ್ತಿ ಮುಂದಿನ ಶಾಲೆಗೆ ಕಳುಹಿಸುವ ಅಧಿಕಾರ ಯಾವ ಮನುಷ್ಯನಿಗೂ ಇರಲಾರದು. ಎಲ್ಲರಿಗೂ ಒಂದೇ ಒಳ್ಳೆಯ ಮಾತನ್ನು ಬರೆಯುವ ರೂಢಿಯನ್ನು ಕಲ್ಪಿಸಿದವರು ಯಾರೋ, ಅವರು ಮಕ್ಕಳನ್ನು ಬಲ್ಲವರು. ತೊಡಕು ಇರುವುದು ಬೇರೆ ಕಡೆ. ಆ ಹಾಳೆಯಲ್ಲಿ ಒಬ್ಬರ ನಡತೆಗೆ ಮಾತ್ರ ಕಲಮಿದೆ. ಇನ್ನೊಬ್ಬರ ನಡತೆಗೆ ಇಲ್ಲ.

ನಮ್ಮ ಪೂರ್ವಿಕರು ಅದನ್ನು ಮರೆತಿರಲಿಲ್ಲ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ಅಧ್ಯಯನ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು ಮಾಡುವ ಉಪದೇಶವಿದೆ. ಹಲವು ಘಟಿಕೋತ್ಸವಗಳಲ್ಲಿ ಅದನ್ನು ಓದುವುದುಂಟು. ತಾಯಿ, ತಂದೆ, ಗುರು, ಅತಿಥಿ ಇವರನ್ನು ದೇವರೆಂದು ತಿಳಿ ಎಂಬ ಭಾಗ ಎಲ್ಲರ ಬಾಯಲ್ಲಿಯೂ ಇದೆ. ಆದರೆ ಅದರ ಬೆನ್ನಿಗೇ ಬರುವ ಮಾತನ್ನು ಅಷ್ಟಾಗಿ ಯಾರೂ ಎತ್ತುವುದಿಲ್ಲ. ನಿಂದೆಗೆ ಎಡೆಯಿಲ್ಲದ ಕರ್ಮಗಳನ್ನು ಮಾತ್ರ ಮಾಡಬೇಕು ಎಂದು ಹೇಳಿ, ಆಚಾರ್ಯನು ತಮ್ಮ ಕಡೆಗೇ ತಿರುಗಿ, ನಮ್ಮಲ್ಲಿಯೂ ಒಳ್ಳೆಯ ನಡತೆ ಯಾವುದಿದೆಯೋ ಅದನ್ನಷ್ಟೇ ಹಿಡಿ, ಉಳಿದುದನ್ನು ಹಿಡಿಯಬೇಡ ಎಂಬ ಅರ್ಥದ ಮಾತನ್ನು ಆಡುತ್ತಾನೆ. ಗುರುವನ್ನು ದೇವರೆಂದು ತಿಳಿಯೆಂದ ಬಾಯೇ, ಉಸಿರು ಬಿಟ್ಟು ಮತ್ತೆ ತೆಗೆದುಕೊಳ್ಳುವಷ್ಟರಲ್ಲಿ, ಗುರುವಿನಲ್ಲಿಯೂ ಹಿಡಿಯತಕ್ಕದ್ದಲ್ಲದ್ದು ಉಂಟೆಂದು ಒಪ್ಪಿಕೊಳ್ಳುತ್ತದೆ. ಅದೂ ಯಾವಾಗ? ಕಡೆಯ ದಿನ. ಗುರುವಿನ ನಡತೆಯ ಕಲಮನ್ನು ಶಿಷ್ಯನ ಕೈಗೆ ಕೊಟ್ಟು ಕಳುಹಿಸಿದಂತಾಯಿತು.

ಒಂದು ಸಂಗತಿಯನ್ನು ಊಹಿಸಿಕೊಳ್ಳಬಹುದು. ಯಾವ ಶಾಲೆಯಲ್ಲಾದರೂ ನಡೆಯಬಹುದಾದದ್ದು, ಊರಿನ ಹೆಸರು ಬೇಡ. ಐದನೆಯ ತರಗತಿಯಲ್ಲಿ ಒಬ್ಬ ಹುಡುಗಿಯ ಕಂಪಾಸ್ ಪೆಟ್ಟಿಗೆ ಕಾಣೆಯಾಗುತ್ತದೆ. ಪಕ್ಕದಲ್ಲಿ ಕುಳಿತಿದ್ದ ಹುಡುಗನ ಮೇಲೆ ಮಾತು ಬರುತ್ತದೆ. ಅವನು ಬಡವ, ಅವನಲ್ಲಿ ಪೆಟ್ಟಿಗೆಯಿಲ್ಲ — ಸಾಕ್ಷ್ಯವೆಂದರೆ ಅಷ್ಟೇ. ಉಪಾಧ್ಯಾಯನು ಹೊಡೆಯಲಿಲ್ಲ, ಕಾಯಿದೆ ಅದಕ್ಕೆ ಎಡೆಗೊಡುವುದಿಲ್ಲ. ಮೂರು ದಿನ ಹಿಂದಿನ ಸಾಲಿನಲ್ಲಿ ಅವನೊಬ್ಬನನ್ನೇ ಕೂರಿಸಿದ. ವಾರ ಕಳೆದ ಮೇಲೆ ಬೀರುವಿನ ಹಿಂದೆ ಬಿದ್ದಿದ್ದ ಪೆಟ್ಟಿಗೆ ಗುಡಿಸುವಾಗ ಸಿಕ್ಕಿತು. ಉಪಾಧ್ಯಾಯನು ಅದನ್ನು ಹುಡುಗಿಗೆ ಸದ್ದಿಲ್ಲದೆ ಕೊಟ್ಟ. ಹುಡುಗ ಆ ವೇಳೆಗೆ ತನ್ನ ಜಾಗಕ್ಕೆ ಬಂದಿದ್ದ. ತರಗತಿಯಲ್ಲಿ ಯಾರೂ ಮಾತನ್ನೆತ್ತಲಿಲ್ಲ. ಎರಡು ವರ್ಷ ಹೋಯಿತು. ಈಗ ಆ ಹುಡುಗನೇ ಮೇಜಿನ ಮುಂದೆ ನಿಂತಿದ್ದಾನೆ. ನಡತೆಯ ಕಲಮಿನಲ್ಲಿ “ತೃಪ್ತಿಕರ” ಎಂದು ಬರೆಯಬೇಕು.

ಹೇಳಬೇಕೆ, ಹೇಳಬಾರದೆ? ಹೇಳಬಾರದೆನ್ನುವವರ ಪಕ್ಷ ದುರ್ಬಲವಾದುದಲ್ಲ. ಉಪಾಧ್ಯಾಯನು ತಪ್ಪೊಪ್ಪಿಕೊಂಡರೆ ಅವನ ಗೌರವಕ್ಕೆ ಕುಂದೆಂದು ಒಬ್ಬರು ಹೇಳುತ್ತಾರೆ. ಈ ಮಾತನ್ನು ಬೇಗ ತಳ್ಳಿಹಾಕಬಹುದು, ತಪ್ಪನ್ನು ಮುಚ್ಚಿಟ್ಟು ಉಳಿಸಿಕೊಂಡ ಗೌರವ ಎಂಥದೆಂಬುದು ಮಕ್ಕಳಿಗೆ ಗೊತ್ತು. ಹುಡುಗನು ಎಂದೋ ಮರೆತಿದ್ದಾನೆ, ಮಾಗಿದ ಗಾಯವನ್ನು ಕೆದಕುವುದೇಕೆ, ಎಂದು ಇನ್ನೊಬ್ಬರು. ಇದು ಸ್ವಲ್ಪ ಯೋಚಿಸಬೇಕಾದ ಮಾತು. ಎಲ್ಲಕ್ಕಿಂತ ಮೊನಚಾದುದು ಮೂರನೆಯದು: ಹೇಳುವುದರಿಂದ ಹಗುರವಾಗುವುದು ಉಪಾಧ್ಯಾಯನ ಎದೆಯೇ ಹೊರತು ಹುಡುಗನದಲ್ಲ, ತನ್ನ ಸಮಾಧಾನಕ್ಕಾಗಿ ಮಗುವಿನ ಮೇಲೆ ಕ್ಷಮಿಸುವ ಹೊರೆಯನ್ನು ಹೇರುವುದು ಎರಡನೆಯ ಅನ್ಯಾಯವಾದೀತು. ಹದಿಮೂರು ವರ್ಷದವನು ಮೇಷ್ಟರನ್ನು “ಕ್ಷಮಿಸುವುದಿಲ್ಲ” ಎಂದು ಹೇಳಬಲ್ಲನೆ? ಹೇಳಲಾರದವನಿಂದ ಪಡೆದ ಕ್ಷಮೆ ವಸೂಲಿಯೇ ಸರಿ.

ಈ ಮೂರನೆಯ ಆಕ್ಷೇಪಕ್ಕೆ ಪೂರ್ತಿ ಉತ್ತರವಿಲ್ಲ. ಅದು ಹೇಳುವ ಬಗೆಯನ್ನು ತಿದ್ದುತ್ತದೆ, ಹೇಳುವುದನ್ನು ತಡೆಯುವುದಿಲ್ಲ. ಕ್ಷಮೆಯನ್ನು ಕೇಳಬೇಕಾಗಿಲ್ಲ. ನಡೆದುದನ್ನು ನಡೆದಂತೆ ಹೇಳಿದರೆ ಸಾಕು: ಪೆಟ್ಟಿಗೆಯನ್ನು ನೀನು ತೆಗೆದಿರಲಿಲ್ಲ, ಅದು ಬೀರುವಿನ ಹಿಂದೆ ಸಿಕ್ಕಿತು, ಅಂದೇ ಎಲ್ಲರ ಮುಂದೆ ಹೇಳಬೇಕಾಗಿತ್ತು. ಅಷ್ಟನ್ನು ಹೇಳಿದ ಉಪಾಧ್ಯಾಯನಿಗೆ ಹುಡುಗ ಏನೂ ಉತ್ತರ ಕೊಡದಿರಬಹುದು, ನಗಬಹುದು, ಅಥವಾ ನೆಲ ನೋಡುತ್ತ, “ಅದು ಹಸಿರು ಪೆಟ್ಟಿಗೆ ಸಾರ್, ಮುಚ್ಚಳದ ಮೂಲೆ ನಜ್ಜಾಗಿತ್ತು” ಎಂದು ಹೇಳಬಹುದು. ಮಕ್ಕಳು ಮರೆಯುತ್ತಾರೆಂದು ನಂಬಿರುವವರು ದೊಡ್ಡವರು.

ಇಲ್ಲಿ ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳಬೇಕು. ಅವಮಾನವಾದದ್ದು ಮೂವತ್ತು ಮಕ್ಕಳ ಎದುರಿಗೆ. ಅದನ್ನು ಸರಿಪಡಿಸುವ ಮಾತು ಆ ಮೂವತ್ತು ಮಕ್ಕಳಿಗೂ ಕೇಳಿಸಬೇಕಾಗಿತ್ತು. ಕಡೆಯ ದಿನ ಅವರು ಯಾರೂ ಅಲ್ಲಿಲ್ಲ. ಒಬ್ಬೊಬ್ಬರಾಗಿ ಬಂದು ಒಂದೊಂದು ಹಾಳೆಯನ್ನು ತೆಗೆದುಕೊಂಡು ಹೋಗಿಬಿಟ್ಟಿದ್ದಾರೆ. ಅವರ ನೆನಪಿನಲ್ಲಿ ಆ ಹುಡುಗ ಇನ್ನೂ ಹಿಂದಿನ ಸಾಲಿನಲ್ಲಿಯೇ ಕುಳಿತಿದ್ದಾನೆ. ಆದ್ದರಿಂದ ಕಡೆಯ ದಿನ ತಪ್ಪನ್ನು ತಿದ್ದುವುದಕ್ಕೆ ತಕ್ಕ ದಿನವಲ್ಲ, ಉಳಿದಿರುವ ದಿನ ಮಾತ್ರ. ಆದರೂ ಅದಕ್ಕೆ ಒಂದು ವಿಶೇಷವಿದೆ. ನೆನ್ನೆಯವರೆಗೆ ಉಪಾಧ್ಯಾಯನ ಮಾತಿನ ಹಿಂದೆ ಹಾಜರಿಯ ಪುಸ್ತಕವಿತ್ತು, ಅಂಕವಿತ್ತು, ತಂದೆಯನ್ನು ಕರೆಸುವ ಬೆದರಿಕೆಯಿತ್ತು. ಇಂದು ಸಹಿಯಾಗಿ ಹಾಳೆ ಕೈ ಬದಲಿಸಿದ ಕ್ಷಣದಲ್ಲಿ ಅವೆಲ್ಲ ಕಳಚಿಬೀಳುತ್ತವೆ. ಅಧಿಕಾರವಿಲ್ಲದೆ ಆ ಮಗುವಿನೊಡನೆ ಅವನು ಆಡಬಹುದಾದ ಮೊದಲ ಮಾತು ಅದು.

ಅಧಿಕಾರ ಹೋಯಿತು, ಕರ್ತವ್ಯವೂ ಹೋಯಿತೆ? ಕ್ರಿಸ್ತಪೂರ್ವ 399ರಲ್ಲಿ ಅಥೆನ್ಸಿನ ನ್ಯಾಯಸ್ಥಾನದ ಮುಂದೆ ನಿಂತ ಸಾಕ್ರೆಟೀಸನು, ತಾನು ಎಂದೂ ಯಾರ ಉಪಾಧ್ಯಾಯನೂ ಆಗಿರಲಿಲ್ಲ, ಯಾರಿಂದಲೂ ಹಣ ಪಡೆದಿರಲಿಲ್ಲ, ತನ್ನ ಮಾತನ್ನು ಕೇಳಿದವರು ಒಳ್ಳೆಯವರಾದರೂ ಕೆಟ್ಟವರಾದರೂ ಅದರ ಹೊಣೆ ತನ್ನದಾಗದು ಎಂದು ವಾದಿಸಿದುದಾಗಿ ಪ್ಲೇಟೋ ಬರೆದಿದ್ದಾನೆ. ಆಲ್ಸಿಬಯಡೀಸ್, ಕ್ರಿಟಿಯಸ್ ಮೊದಲಾದವರ ನೆರಳು ಆ ಸಭೆಯಲ್ಲಿ ಕವಿದಿತ್ತು. ವಾದ ಗಟ್ಟಿಯಾದದ್ದು, ಆದರೆ ಸಂಬಳ ಪಡೆದು, ಹಾಜರಿ ಕರೆದು, ಹಾಳೆಗೆ ಸಹಿ ಹಾಕುವವನು ಅದನ್ನು ಎರವಲು ಪಡೆಯುವಂತಿಲ್ಲ. ಇದಕ್ಕೆ ತೀರ ಎದುರಾದುದು ಗಾಂಧೀಜಿಯವರ ನಡೆ. ದಕ್ಷಿಣ ಆಫ್ರಿಕದ ಫೀನಿಕ್ಸ್ ಆಶ್ರಮದಲ್ಲಿ 1913ರಲ್ಲಿ ಇಬ್ಬರು ದಾರಿ ತಪ್ಪಿದಾಗ, ಪೋಷಕನಾದವನಿಗೆ ಅದರಲ್ಲಿ ಪಾಲುಂಟೆಂದು ಅವರು ಏಳು ದಿನ ಉಪವಾಸವಿದ್ದು, ನಾಲ್ಕೂವರೆ ತಿಂಗಳು ಒಪ್ಪೊತ್ತು ಉಂಡರು. ಹಳ್ಳಿಯ ಶಾಲೆಯ ಉಪಾಧ್ಯಾಯನು ಇಷ್ಟು ಎತ್ತರಕ್ಕೆ ಏರಬೇಕೆಂದು ಯಾರೂ ಕೇಳಲಾರರು. ಅವನಿಗೂ ಮನೆಯುಂಟು, ಮಕ್ಕಳುಂಟು, ಜನಗಣತಿಯಿಂದ ಚುನಾವಣೆಯವರೆಗೆ ಹೊರಗಿನ ಕೆಲಸಗಳುಂಟು. ಆದರೆ ಒಂದನ್ನು ನ್ಯಾಯವಾಗಿ ಕೇಳಬಹುದು. ಸನ್ಮಾನದ ಸಭೆಯಲ್ಲಿ, ಡಾಕ್ಟರಾದ ಹುಡುಗನನ್ನು ತೋರಿಸಿ “ಇವನು ನನ್ನ ಶಿಷ್ಯ” ಎಂದು ಹೇಳಿಕೊಳ್ಳುವವನು, ಬಸ್ಸು ನಿಲ್ದಾಣದಲ್ಲಿ ಕುಡಿದು ಬಿದ್ದಿರುವವನನ್ನು ಕಂಡಾಗಲೂ ಅದೇ ಮಾತನ್ನು, ಮನಸ್ಸಿನಲ್ಲಾದರೂ, ಹೇಳಿಕೊಳ್ಳಬೇಕು. ಲಾಭಕ್ಕೆ ಮಾತ್ರ ಪಾಲುದಾರಿಕೆ ಎಂಬ ಒಪ್ಪಂದ ಪೇಟೆಯಲ್ಲಿಯೂ ನಡೆಯುವುದಿಲ್ಲ.

ಹೀಗೆ ಹಾಳೆಗೆ ಸಹಿ ಬಿದ್ದ ಮೇಲೆ ಉಳಿಯುವುದು ಒಂದು ಸಣ್ಣ ಕೆಲಸ. ಜೂನ್ ಬರುತ್ತದೆ, ಹೈಸ್ಕೂಲುಗಳು ತೆರೆಯುತ್ತವೆ. ಯಾವ ಮಗು ಎಲ್ಲಿ ಸೇರಿತು, ಯಾವುದು ಸೇರಲಿಲ್ಲ ಎಂಬುದನ್ನು ಈಗ ಇಲಾಖೆಯ ಗಣಕಯಂತ್ರವೇ ತೋರಿಸಬಲ್ಲದು. ಪ್ರತಿಯೊಂದು ಮಗುವಿಗೂ ಅದರಲ್ಲಿ ಒಂದು ಸಂಖ್ಯೆಯಿದೆ. ಯಂತ್ರ ಸಂಖ್ಯೆಯನ್ನು ಬಲ್ಲದು, ಕಾಯಿಲೆಯ ತಾಯಿಯನ್ನೂ ಎರಡು ಸಣ್ಣ ಕೂಸುಗಳನ್ನೂ ಅರಿಯದು. ಹೊಸ ವರ್ಷದ ಹಾಜರಿ ಪುಸ್ತಕ, ಹೊಸ ಮಕ್ಕಳು, ಹಂಚಬೇಕಾದ ಪುಸ್ತಕಗಳು ಇವುಗಳ ನಡುವೆ ಉಪಾಧ್ಯಾಯನು ಒಂದು ಸಂಜೆ ಕಳೆದ ಸಾಲಿನ ಪಟ್ಟಿಯನ್ನು ತೆಗೆದು ನೋಡುತ್ತಾನೆ. ಹಸಿರು ಪೆಟ್ಟಿಗೆಯ ಹುಡುಗನ ಹೆಸರು ಪೇಟೆಯ ಹೈಸ್ಕೂಲಿನಲ್ಲಿ ಇದೆ. ಆ ಹುಡುಗಿಯದು ಎಲ್ಲಿಯೂ ಇಲ್ಲ. “ಹೆಚ್ಚಿನ ವಿದ್ಯಾಭ್ಯಾಸಕ್ಕಾಗಿ” ಎಂದು ಬರೆದ ಹಾಳೆಯ ಪ್ರತಿ ಕಡತದಲ್ಲಿದೆ. ಅದರ ಕೆಳಗಿರುವ ಸಹಿ ಅವನದೇ. ಮನೆಗೆ ಹೋಗುವ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿದೆ. ಹುಡುಗಿಯ ಮನೆ ಊರಿನ ಆಚೆಯ ತುದಿಯಲ್ಲಿ, ಹಿಪ್ಪುನೇರಳೆಯ ತೋಟದ ಪಕ್ಕದಲ್ಲಿ. ಹೋಗಿ ಬರುವುದರೊಳಗೆ ಬಸ್ಸು ತಪ್ಪುತ್ತದೆ. ಅವನು ಕಡತವನ್ನು ಕಟ್ಟಿಟ್ಟು, ಶಾಲೆಯ ಬಾಗಿಲಿಗೆ ಬೀಗ ಹಾಕಿ, ತೋಟದ ಕಡೆಯ ದಾರಿಯನ್ನು ಹಿಡಿಯುತ್ತಾನೆ.